ನಿಜವಾದ ನಂಬಿಕೆ ಯಾವುದು?
(ಕ್ರೈಸ್ತಮತದ ಒಂದು ಮೂಲತತ್ತ್ವವನ್ನು ಕುರಿತು ಹುಳಿಯಾರಿನಲ್ಲಿ ಮಾಡಿದ ಭಾಷಣ)



ಕ್ರೈಸ್ತಮತದಲ್ಲಿ ನಿಜವಾದ ನಂಬಿಕೆಯೆಂದರೆ ಯಾವುದೆಂಬುದನ್ನು ಕುರಿತು ನಾಲ್ಕು ಮಾತು ಹೇಳಬೇಕೆಂದು ತಾವು ಅಪ್ಪಣೆ ಮಾಡಿದ್ದೀರಿ. ನಾವು ಕ್ರೈಸ್ತರಲ್ಲ, ಮತಶಾಸ್ತ್ರದ ಪಂಡಿತರೂ ಅಲ್ಲ. ಸಾಕ್ಷಿ ಪುರಾವೆಗಳ ನಡುವೆ ದಿನ ಕಳೆಯುವ ವಕೀಲರು. ಆದರೂ ಈ ಕೆಲಸಕ್ಕೆ ನಮ್ಮ ವೃತ್ತಿಯಿಂದ ಒಂದು ಉಪಕಾರವುಂಟು. ಒಂದು ಪಕ್ಷದ ಹೇಳಿಕೆಯನ್ನು ಪೂರ್ತಿಯಾಗಿ ಕೇಳದೆ ತೀರ್ಪು ಕೊಡಬಾರದೆಂಬುದನ್ನು ನ್ಯಾಯಾಲಯವು ನಮಗೆ ದಿನದಿನವೂ ಕಲಿಸುತ್ತದೆ. ನೆರೆಯವನ ಮತದ ವಿಷಯದಲ್ಲಿ ಈ ನಿಯಮವನ್ನು ನಾವು ಎಷ್ಟು ಸುಲಭವಾಗಿ ಮರೆಯುತ್ತೇವೆ!

ಊರಿನ ಕಟ್ಟೆಗಳ ಮೇಲೆ ಕ್ರೈಸ್ತರ ನಂಬಿಕೆಯನ್ನು ಕುರಿತು ಕೇಳಿಬರುವ ಮಾತುಗಳು ಮೂರು. ಒಂದು, ಅದು ಹೇಳಿಕೊಟ್ಟದ್ದನ್ನು ಕಣ್ಣುಮುಚ್ಚಿ ಒಪ್ಪುವುದೆಂಬುದು. ಎರಡು, ಅದು ಗಂಜಿಗಾಗಿ ಹುಟ್ಟಿದ ನಂಬಿಕೆಯೆಂಬುದು. ಮೂರನೆಯದನ್ನು ಕ್ರೈಸ್ತರಲ್ಲಿಯೇ ಕೆಲವರು ಹೇಳುತ್ತಾರೆ: ಗಟ್ಟಿಯಾಗಿ ನಂಬಿದವನಿಗೆ ರೋಗ ಗುಣವಾಗುತ್ತದೆ, ಸಾಲ ತೀರುತ್ತದೆ, ಸಂಪತ್ತು ಸೇರುತ್ತದೆ ಎಂದು. ಈ ಮೂರನ್ನೂ ಅವರ ಧರ್ಮಗ್ರಂಥದ ತಕ್ಕಡಿಯಲ್ಲಿಯೂ ನಮ್ಮ ನಾಡಿನ ಅನುಭವದ ತಕ್ಕಡಿಯಲ್ಲಿಯೂ ಇಟ್ಟು ನೋಡೋಣ.

ಮೊದಲು ಶಬ್ದವನ್ನು ವಿಚಾರಿಸೋಣ. ಕ್ರೈಸ್ತರ ಹೊಸ ಒಡಂಬಡಿಕೆಯು ಗ್ರೀಕ್ ಭಾಷೆಯ ಗ್ರಂಥ. ಅಲ್ಲಿ ಈ ಭಾವಕ್ಕೆ ಬಳಸಿರುವ ಪದ ‘ಪಿಸ್ತಿಸ್’. ಇನ್ನೊಬ್ಬನಲ್ಲಿ ಇಡುವ ಭರವಸೆಯೆಂದೂ, ತಾನು ಭರವಸೆಗೆ ತಕ್ಕವನಾಗಿ ನಡೆಯುವುದೆಂದೂ ಅದಕ್ಕೆ ಎರಡು ಮುಖಗಳು. ಯೆಹೂದ್ಯರ ಹೀಬ್ರೂ ಭಾಷೆಯಲ್ಲಿ ಇದಕ್ಕೆ ಸಮನಾದ ಪದವು ಅಲುಗಾಡದಿರುವುದು, ಸ್ಥಿರವಾಗಿ ನಿಲ್ಲುವುದು ಎಂಬ ಧಾತುವಿನಿಂದ ಬಂದುದು. ಪ್ರಾರ್ಥನೆಯ ಕೊನೆಗೆ ಚರ್ಚುಗಳಲ್ಲಿ ಕೇಳಿಬರುವ ‘ಆಮೆನ್’ ಎಂಬುದೂ ಅದೇ ಧಾತುವಿನ ಕುಡಿ. ೧೮೧೦ರಲ್ಲಿ ಬಳ್ಳಾರಿಗೆ ಬಂದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಅವರ ಶ್ರಮದಿಂದ ೧೮೩೧ರ ಹೊತ್ತಿಗೆ ಇಡೀ ಬೈಬಲು ಕನ್ನಡಕ್ಕೆ ಬಂದಿತು. ಇಂಥ ಭಾಷಾಂತರಕಾರರು ಈ ಭಾವಕ್ಕಾಗಿ ಹೊಸ ಶಬ್ದವನ್ನು ಟಂಕಿಸಬೇಕಾದ ಕಷ್ಟವಿರಲಿಲ್ಲ. ‘ನಂಬು’ ಎಂಬ ಕ್ರಿಯಾಪದವನ್ನು ಶರಣರೂ ಹರಿದಾಸರೂ ಶತಮಾನಗಳಿಂದ ಉಜ್ಜಿ ಬೆಳಗಿ ಇಟ್ಟಿದ್ದರು. ಇಂದು ಪ್ರಾಟೆಸ್ಟಂಟರು ಹೆಚ್ಚಾಗಿ ‘ನಂಬಿಕೆ’ ಎನ್ನುತ್ತಾರೆ. ಕಥೋಲಿಕರು ‘ವಿಶ್ವಾಸ’ ಎನ್ನುತ್ತಾರೆ. ನಮ್ಮ ಕಡೆ ಎರಡು ಮನೆಗಳಿಗೆ ವಿಶ್ವಾಸವಿದೆಯೆಂದರೆ ಅವರಲ್ಲಿ ಸ್ನೇಹವಿದೆಯೆಂದೇ ಅರ್ಥ. ಭರವಸೆಯನ್ನೂ ಪ್ರೀತಿಯನ್ನೂ ಒಂದೇ ಮಾತಿನಲ್ಲಿ ಅಡಗಿಸಿದ ಈ ಕನ್ನಡವು, ನಾವು ಹೇಳಬೇಕಾದುದರ ಅರ್ಧವನ್ನು ತಾನೇ ಹೇಳಿಬಿಟ್ಟಿದೆ.

ವ್ಯಾಕರಣ ಬೋಧಿಸುವ ಉಪಾಧ್ಯಾಯರು ಇಲ್ಲಿದ್ದೀರಿ. ‘ದೇವರಿದ್ದಾನೆಂದು ನಂಬುತ್ತೇನೆ’ ಎಂಬ ವಾಕ್ಯಕ್ಕೂ ‘ದೇವರನ್ನು ನಂಬುತ್ತೇನೆ’ ಎಂಬ ವಾಕ್ಯಕ್ಕೂ ಇರುವ ಅಂತರವನ್ನು ಗಮನಿಸಿರಿ. ಮೊದಲನೆಯದು ಒಂದು ಸಂಗತಿಯನ್ನು ಒಪ್ಪುವುದು. ಎರಡನೆಯದು ಒಬ್ಬನಿಗೆ ತನ್ನನ್ನು ಒಪ್ಪಿಸುವುದು. ಕ್ರೈಸ್ತರ ನಂಬಿಕೆಯ ಗುಟ್ಟೆಲ್ಲಾ ಈ ದ್ವಿತೀಯಾ ವಿಭಕ್ತಿಯಲ್ಲಿದೆ.

ಯೂರೋಪಿನ ಸುಧಾರಕ ಪಂಡಿತರು ಇದನ್ನು ಮೂರು ಮೆಟ್ಟಿಲುಗಳಾಗಿ ವಿಂಗಡಿಸಿದರು: ಅರಿವು, ಒಪ್ಪಿಗೆ, ಭರವಸೆ. ನಮ್ಮ ಕಚೇರಿಯ ದೃಷ್ಟಾಂತದಿಂದ ಇದನ್ನು ತಿಳಿಯಬಹುದು. ಇಂಥ ಊರಿನಲ್ಲಿ ಇಂಥ ವಕೀಲರಿದ್ದಾರೆಂದು ರೈತನೊಬ್ಬನಿಗೆ ಗೊತ್ತಿದೆ, ಇದು ಅರಿವು. ಅವರು ಸಮರ್ಥರೆಂದು ಆತನು ಒಪ್ಪುತ್ತಾನೆ, ಇದು ಒಪ್ಪಿಗೆ. ಇಷ್ಟರಿಂದ ಆತನ ವ್ಯಾಜ್ಯವು ಅಂಗುಲದಷ್ಟೂ ಮುಂದೆ ಸಾಗದು. ತಾತನ ಕಾಲದ ಪತ್ರಗಳನ್ನು ಬಿಚ್ಚಿ ಮೇಜಿನ ಮೇಲಿಟ್ಟು, ವಕಾಲತ್ತಿಗೆ ಸಹಿ ಹಾಕಿ, ತನ್ನ ತೋಟದ ಭವಿಷ್ಯವನ್ನು ಇನ್ನೊಬ್ಬರ ಕೈಗೆ ಕೊಟ್ಟು ಮನೆಗೆ ಹೋಗುವನಲ್ಲಾ, ಅದು ಭರವಸೆ. ಕ್ರೈಸ್ತರು ನಿಜವಾದ ನಂಬಿಕೆಯೆನ್ನುವುದು ಈ ಮೂರನೆಯದು ಸೇರಿದಾಗಲೇ. ಅವರ ಗ್ರಂಥದಲ್ಲಿ ಯಾಕೋಬನ ಪತ್ರಿಕೆಯೆಂಬುದೊಂದುಂಟು. ದೇವರು ಒಬ್ಬನೇ ಎಂಬುದನ್ನು ದೆವ್ವಗಳೂ ಒಪ್ಪಿ ನಡುಗುತ್ತವೆ. ಹಾಗಾದರೆ ಬರಿಯ ಒಪ್ಪಿಗೆಯಿಂದ ಬಂದುದೇನು ಎಂಬ ತೀಕ್ಷ್ಣವಾದ ತಾತ್ಪರ್ಯ ಅದರಲ್ಲಿದೆ. ಕಣ್ಣುಮುಚ್ಚಿ ಒಪ್ಪುವುದೇ ಕ್ರೈಸ್ತರ ನಂಬಿಕೆಯೆಂಬ ಮೊದಲನೆಯ ಮಾತಿಗೆ ಅವರ ಗ್ರಂಥವೇ ಹೀಗೆ ಉತ್ತರ ಕೊಟ್ಟಿದೆ.

ಇಲ್ಲಿ ಒಂದು ದೊಡ್ಡ ವಿವಾದವು ಎದ್ದಿತು. ಮನುಷ್ಯನು ದೇವರಿಗೆ ಮಾನ್ಯನಾಗುವುದು ನಂಬಿಕೆಯಿಂದ, ವಿಧಿನಿಯಮಗಳ ಕರ್ಮದಿಂದಲ್ಲ ಎಂದು ಪೌಲನು ಬರೆದ. ಕ್ರಿಯೆಯಿಲ್ಲದ ನಂಬಿಕೆ ಹೆಣವೆಂಬ ಅಭಿಪ್ರಾಯವನ್ನು ಯಾಕೋಬನು ಬರೆದ. ೧೫೧೭ರಲ್ಲಿ ಜರ್ಮನಿಯ ಮಾರ್ಟಿನ್ ಲೂಥರನು, ಪಾಪದ ದಂಡನೆಯನ್ನು ಹಣಕ್ಕೆ ಕಡಿಮೆ ಮಾಡಿಕೊಡುವ ಚೀಟಿಗಳ ಮಾರಾಟವನ್ನು ಖಂಡಿಸಿ ಎದ್ದಾಗ ಪೌಲನ ಮಾತನ್ನೇ ಆಯುಧವಾಗಿ ಹಿಡಿದ. ಯಾಕೋಬನ ಪತ್ರಿಕೆಯನ್ನು ಹುಲ್ಲಿಗೆ ಹೋಲಿಸಿ ಕಡೆಗಣಿಸಿದ. ರೋಮನ್ ಕಥೋಲಿಕ ಸಭೆಯು ಟ್ರೆಂಟಿನ ಮಹಾಸಭೆಯಲ್ಲಿ ೧೫೪೭ರಲ್ಲಿ ಇದಕ್ಕೆ ಪ್ರತಿತೀರ್ಪನ್ನು ಕೊಟ್ಟಿತು. ಅನಂತರ ಯೂರೋಪಿನಲ್ಲಿ ಹರಿದ ರಕ್ತಕ್ಕೆ ಅರಸರ ರಾಜಕಾರಣದೊಡನೆ ಈ ವಿವಾದವೂ ಕಾರಣವಾಯಿತು. ನಾಲ್ಕೂವರೆ ಶತಮಾನಗಳ ಮೇಲೆ, ೧೯೯೯ರ ಅಕ್ಟೋಬರ್ ೩೧ರಂದು, ಆಗ್ಸ್‌ಬರ್ಗ್ ನಗರದಲ್ಲಿ ಲೂಥರನ್ ಸಭೆಗಳ ಒಕ್ಕೂಟವೂ ಕಥೋಲಿಕ ಸಭೆಯೂ ಒಂದು ಜಂಟಿ ಘೋಷಣೆಗೆ ಸಹಿ ಹಾಕಿದವು. ೨೦೦೬ರಲ್ಲಿ ಮೆಥೊಡಿಸ್ಟರೂ ೨೦೧೭ರಲ್ಲಿ ರಿಫಾರ್ಮ್ಡ್ ಸಭೆಗಳ ಒಕ್ಕೂಟದವರೂ ಅದಕ್ಕೆ ಸಮ್ಮತಿ ಕೊಟ್ಟರು. ಅದರ ಸಾರವಿಷ್ಟೆ: ದೇವರು ಮನುಷ್ಯನನ್ನು ಅಂಗೀಕರಿಸುವುದು ಕೃಪೆಯಿಂದ, ಯೋಗ್ಯತೆಯನ್ನು ಎಣಿಸಿ ಅಲ್ಲ, ಆ ಕೃಪೆಯನ್ನು ನಂಬಿಕೆಯಿಂದ ಪಡೆದವನ ಬಾಳಿನಲ್ಲಿ ಸತ್ಕಾರ್ಯಗಳು ಫಲವಾಗಿ ಕಾಣಿಸಿಕೊಳ್ಳುತ್ತವೆ. ಬೇರು ನಂಬಿಕೆ, ಫಲ ಪ್ರೀತಿ. ಬೇರಿಲ್ಲದೆ ಫಲವಿಲ್ಲ, ಫಲ ಕಾಣದ ಕಡೆ ಬೇರು ಸತ್ತಿದೆಯೆಂದು ಶಂಕಿಸಬೇಕು. ಪ್ರೀತಿಯ ಮೂಲಕ ಕೆಲಸ ಮಾಡುವ ನಂಬಿಕೆಯೇ ಬೆಲೆಯುಳ್ಳದ್ದೆಂದು ಪೌಲನೂ ಗಲಾತ್ಯದವರಿಗೆ ಬರೆದಿದ್ದನಾದ್ದರಿಂದ, ಜಗಳವು ಆಚಾರ್ಯರಿಗಿಂತ ಶಿಷ್ಯರಲ್ಲಿಯೇ ಹೆಚ್ಚಾಗಿತ್ತೆಂದು ತೋರುತ್ತದೆ.

ಇನ್ನು ಎರಡನೆಯ ಮಾತು, ಗಂಜಿಯ ನಂಬಿಕೆಯೆಂಬುದು. ಇದನ್ನು ನಮ್ಮ ಜಿಲ್ಲೆಯ ನೆಲದ ಮೇಲೆಯೇ ಪರೀಕ್ಷಿಸೋಣ. ೧೮೩೦ರ ದಶಕದಲ್ಲಿಯೇ ವೆಸ್ಲಿಯನ್ ಮಿಷನ್ನಿನ ಥಾಮಸ್ ಹಾಡ್ಸನ್ ಅವರು ಗುಬ್ಬಿಯಲ್ಲಿ ಕೆಲಸವನ್ನು ಆರಂಭಿಸಿದರು. ೧೮೩೯ರಲ್ಲಿ ಬಂದ ವಿಲಿಯಂ ಆರ್ಥರ್ ಎಂಬ ತರುಣನು ಅಲ್ಲಿಯೇ ಕನ್ನಡ ಕಲಿತು, ಸಂತೆಗಳಲ್ಲಿ ನಿಂತು ಬೋಧಿಸಿ, ಕಣ್ಣಿನ ಬೇನೆಯಿಂದ ೧೮೪೧ರಲ್ಲಿ ಸ್ವದೇಶಕ್ಕೆ ಮರಳಿದ. ಜನರು ಕೇಳಿದರು, ವಾದಿಸಿದರು. ಊರೂರೇ ಎದ್ದು ಮತಾಂತರಗೊಳ್ಳಲಿಲ್ಲ. ಆಮೇಲೆ ೧೮೭೬–೭೮ರ ಧಾತು ಈಶ್ವರ ಸಂವತ್ಸರಗಳ ಮಹಾಕ್ಷಾಮವು ಬಂದಿತು. ೧೮೭೧ರ ಗಣತಿಯಲ್ಲಿ ೫೦ ಲಕ್ಷವನ್ನು ದಾಟಿದ್ದ ಮೈಸೂರು ಸೀಮೆಯ ಜನಸಂಖ್ಯೆಯು ೧೮೮೧ರಲ್ಲಿ ೪೨ ಲಕ್ಷದ ಆಸುಪಾಸಿಗೆ ಇಳಿದಿತ್ತು. ತಾಯಿತಂದೆಗಳು ರಸ್ತೆಯ ಪಕ್ಕದಲ್ಲಿ ಸತ್ತುಹೋದ ಮಕ್ಕಳಿಗಾಗಿ ಮಿಷನ್ನಿನವರು ತುಮಕೂರು, ಹಾಸನಗಳಲ್ಲಿ ಅನಾಥಾಲಯಗಳನ್ನು ತೆರೆದರು. ಆ ಮಕ್ಕಳಲ್ಲಿ ಅನೇಕರು ಕ್ರೈಸ್ತರಾಗಿ ಬೆಳೆದರು.

ಇವರ ನಂಬಿಕೆಯು ಗಂಜಿಯದೆನ್ನುವವರಿಗೆ ನಾವು ಕೇಳುವುದಿಷ್ಟೆ. ಹಸಿದ ಮಗು ಅನ್ನವಿಟ್ಟ ಕೈಯನ್ನು ನಂಬದೆ ಮತ್ತಾರನ್ನು ನಂಬಬೇಕು? ನಂಬಿಕೆಯ ಮೊದಲ ಪಾಠವನ್ನು ನಾವೆಲ್ಲರೂ ತಾಯಿಯ ಮಡಿಲಿನಲ್ಲಿ ಹಸಿವೆಯಿಂದಲೇ ಕಲಿತೆವಲ್ಲವೆ? ಮಿಷನ್ನಿನವರಿಗೆ ಕೇಳಬೇಕಾದ ಪ್ರಶ್ನೆಯೂ ಒಂದುಂಟು. ಹಸಿವೆಯ ಕಾಲದಲ್ಲಿ ಅನ್ನದ ಜೊತೆಗೆ ಮತವನ್ನು ಕೊಟ್ಟವನು, ಬೇಡವೆನ್ನುವ ಸ್ವಾತಂತ್ರ್ಯವನ್ನೂ ಕೊಟ್ಟನೆ? ಬೇಡವೆನ್ನಲಾಗದವನ ಹೌದಿಗೆ ಬೆಲೆಯಿಲ್ಲ. ಒತ್ತಾಯದ ಸಹಿಗೆ ಕಾನೂನಿನಲ್ಲಿ ಬೆಲೆಯಿಲ್ಲದಂತೆಯೇ. ೧೯೭೭ರಲ್ಲಿ ನಮ್ಮ ಸರ್ವೋಚ್ಚ ನ್ಯಾಯಾಲಯವು ಸ್ಟೆನಿಸ್ಲಾಸ್ ಮೊಕದ್ದಮೆಯಲ್ಲಿ, ಸಂವಿಧಾನದ ೨೫ನೆಯ ಅನುಚ್ಛೇದವು ಕೊಟ್ಟಿರುವುದು ಮತವನ್ನು ಪ್ರಚಾರ ಮಾಡುವ ಹಕ್ಕೇ ಹೊರತು ಇನ್ನೊಬ್ಬನನ್ನು ಮತಾಂತರಿಸುವ ಹಕ್ಕಲ್ಲವೆಂದು ತೀರ್ಪು ಕೊಟ್ಟಿತು. ಬಲಾತ್ಕಾರವಿತ್ತೆ, ವಂಚನೆಯಿತ್ತೆ, ಆಮಿಷವಿತ್ತೆ ಎಂದು ಕಾನೂನು ವಿಚಾರಿಸಬಹುದು. ಆದರೆ ಒಬ್ಬನ ಎದೆಯೊಳಗೆ ನಂಬಿಕೆಯಿತ್ತೆ ಎಂಬುದಕ್ಕೆ ಸಾಕ್ಷಿ ಹೇಳಬಲ್ಲವರು ಯಾರು?

ಲಾಭಕ್ಕಾಗಿಯೇ ಎಲ್ಲವೂ ನಡೆಯುತ್ತದೆಯೆನ್ನುವವರು ಇನ್ನೊಂದು ಸಂಗತಿಯನ್ನೂ ನೋಡಬೇಕು. ೧೯೫೦ರ ಪರಿಶಿಷ್ಟ ಜಾತಿಗಳ ಆದೇಶದ ಪ್ರಕಾರ ಆ ಸ್ಥಾನವು ಮೊದಲು ಹಿಂದೂಗಳಿಗೆ ದೊರೆಯಿತು, ೧೯೫೬ರಲ್ಲಿ ಸಿಖ್ಖರಿಗೂ ೧೯೯೦ರಲ್ಲಿ ಬೌದ್ಧರಿಗೂ ವಿಸ್ತರಿಸಿತು, ಕ್ರೈಸ್ತರಿಗೆ ವಿಸ್ತರಿಸಲಿಲ್ಲ. ಕ್ರೈಸ್ತನಾದ ದಲಿತನು ವಿದ್ಯಾಭ್ಯಾಸದಲ್ಲಿಯೂ ಉದ್ಯೋಗದಲ್ಲಿಯೂ ಆ ಮೀಸಲಾತಿಯನ್ನು ಕಳೆದುಕೊಳ್ಳುತ್ತಾನೆ. ಅದು ನ್ಯಾಯವೋ ಅನ್ಯಾಯವೋ ಎಂಬ ಚರ್ಚೆ ಬೇರೆ. ನಂಬಿಕೆಗೆ ಬೆಲೆ ಕೊಡಬೇಕಾಗಿ ಬರುತ್ತದೆ ಎಂಬುದಂತೂ ಇದರಿಂದ ಸ್ಪಷ್ಟ.

ಬೆಲೆ ಕೊಟ್ಟವರ ಕಥೆಯು ನಮ್ಮ ಕರಾವಳಿಯಲ್ಲಿಯೂ ಉಂಟು. ೧೭೮೪ರಲ್ಲಿ ಟಿಪ್ಪು ಸುಲ್ತಾನನು, ಇಂಗ್ಲಿಷರಿಗೆ ನೆರವಾದರೆಂಬ ಆರೋಪದ ಮೇಲೆ, ಕೆನರಾ ಸೀಮೆಯ ಕ್ರೈಸ್ತರನ್ನು ಹಿಡಿಸಿ ಶ್ರೀರಂಗಪಟ್ಟಣಕ್ಕೆ ಸಾಗಿಸಿದ. ಅವರ ಚರ್ಚುಗಳು ನೆಲಸಮವಾದವು, ಅನೇಕರು ಸತ್ತರು, ಅನೇಕರು ಮತವನ್ನು ಬಿಡಬೇಕಾಯಿತು. ೧೭೯೯ರಲ್ಲಿ ಬಿಡುಗಡೆಯಾಗಿ ಊರಿಗೆ ಮರಳಿದವರು ಮತ್ತೆ ಚರ್ಚುಗಳನ್ನು ಕಟ್ಟಿದರು. ಹದಿನೈದು ವರ್ಷಗಳ ಕಾಲ ಅವರ ನಂಬಿಕೆಗೆ ಗೋಡೆಯಿರಲಿಲ್ಲ, ಗಂಟೆಯಿರಲಿಲ್ಲ. ಹೊರಗಿನ ಆಸರೆಗಳೆಲ್ಲಾ ಹೋದ ಮೇಲೆ ಉಳಿಯುವುದೇ ನಂಬಿಕೆಯೆಂಬುದಕ್ಕೆ ಇದು ನಿದರ್ಶನ.

೧೮೪೪ರಲ್ಲಿ ಮಂಗಳೂರಿನ ಆನಂದರಾವ್ ಕೌಂಡಿನ್ಯರೆಂಬ ಸಾರಸ್ವತ ಬ್ರಾಹ್ಮಣ ಯುವಕರು, ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗರ ಪ್ರಭಾವದಿಂದ ದೀಕ್ಷಾಸ್ನಾನ ಹೊಂದಿದರು. ಊರಿನಲ್ಲಿ ಕೋಲಾಹಲವೆದ್ದಿತು. ಬಂಧುವರ್ಗವು ದೂರವಾಯಿತು. ಹೆಂಡತಿಯು ಅವರೊಡನೆ ಬರಲು ಒಪ್ಪಲಿಲ್ಲ. ಕೌಂಡಿನ್ಯರು ಸ್ವಿಟ್ಜರ್‌ಲೆಂಡಿನಲ್ಲಿ ಅಭ್ಯಾಸ ಮಾಡಿ, ೧೮೫೧ರಲ್ಲಿ ಪಾದ್ರಿಗಳಾಗಿ ದೀಕ್ಷೆ ಪಡೆದು ಕನ್ನಡ ನಾಡಿಗೆ ಹಿಂದಿರುಗಿದರು. ಅವರ ತ್ಯಾಗವನ್ನು ಕ್ರೈಸ್ತರು ಸ್ಮರಿಸುತ್ತಾರೆ, ಅದು ಯೋಗ್ಯವೇ. ಆದರೆ ಗಂಡನ ಹಿಂದೆ ಹೋಗದೆ, ತಾನು ಹುಟ್ಟಿ ಬೆಳೆದ ಧರ್ಮದಲ್ಲಿಯೇ ನಿಂತ ಆ ಹೆಣ್ಣುಮಗಳ ನಿಷ್ಠೆಯನ್ನು ಯಾರು ಸ್ಮರಿಸುತ್ತಾರೆ? ನಂಬಿಕೆಗಾಗಿ ಮನೆಯನ್ನು ಬಿಟ್ಟವನ ದೃಢತೆಯನ್ನು ಮೆಚ್ಚುವವರು, ನಂಬಿಕೆಗಾಗಿ ಮನೆಯಲ್ಲಿಯೇ ಒಂಟಿಯಾಗಿ ಉಳಿದವಳ ದೃಢತೆಯನ್ನೂ ಮೆಚ್ಚಬೇಕು. ಎರಡನ್ನೂ ಒಂದೇ ಗೌರವದಿಂದ ನೋಡಬಲ್ಲವನೇ ನಂಬಿಕೆಯೆಂಬ ಮಾತಿನ ಅರ್ಥವನ್ನು ಬಲ್ಲವನು.

ನಮ್ಮ ಸ್ವಾತಂತ್ರ್ಯಸಂಗ್ರಾಮದ ಕಾಲದಲ್ಲಿ ಜರ್ಮನಿಯಲ್ಲಿದ್ದ ಡೀಟ್ರಿಕ್ ಬಾನ್‌ಹಾಫರ್ ಎಂಬ ಪಾದ್ರಿಯ ಹೆಸರನ್ನೂ ಇಲ್ಲಿ ಹೇಳಬೇಕು. ಅಹಿಂಸೆಯನ್ನು ಗಾಂಧೀಜಿಯವರ ಬಳಿಯಲ್ಲಿ ಕಲಿಯಬೇಕೆಂದು ಹಂಬಲಿಸಿ ೧೯೩೪ರಲ್ಲಿ ಅವರಿಂದ ಆಹ್ವಾನವನ್ನೂ ಪಡೆದಿದ್ದ, ಬರಲಾಗಲಿಲ್ಲ. ಕೃಪೆಯ ಹೆಸರಿನಲ್ಲಿ ತ್ಯಾಗವಿಲ್ಲದ ಸುಲಭಮತವನ್ನು ಬೋಧಿಸುವವರನ್ನು ೧೯೩೭ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಖಂಡಿಸಿದ. ಹಿಟ್ಲರನ ವಿರೋಧಿಗಳ ಜೊತೆಗೂಡಿ, ೧೯೪೫ರ ಏಪ್ರಿಲ್ ೯ರಂದು ನೇಣುಗಂಬವೇರಿದ.

ಮೂರನೆಯ ಮಾತು, ನಂಬಿದರೆ ರೋಗ ಹೋಗುತ್ತದೆ, ಹಣ ಬರುತ್ತದೆ ಎಂಬುದು. ಇದು ಕ್ರೈಸ್ತರಲ್ಲಿ ಮಾತ್ರವಲ್ಲ. ನಮ್ಮ ಹರಕೆಗಳಲ್ಲಿಯೂ ಉಂಟು. ಬೆಳೆ ಬಂದರೆ ಗಂಟೆ ಕಟ್ಟಿಸುತ್ತೇನೆಂದು ದೇವರೊಡನೆ ಕರಾರು ಮಾಡಿಕೊಳ್ಳುವ ನಾವು ಕ್ರೈಸ್ತರನ್ನು ನೋಡಿ ನಗುವಂತಿಲ್ಲ. ಆದರೆ ಸುವಾರ್ತೆಗಳು ಇದಕ್ಕೆ ಒಪ್ಪುವುದಿಲ್ಲ. ದೇವಾಲಯದ ಶಿಖರದಿಂದ ಧುಮುಕಿ ದೇವರು ಕಾಯುವನೋ ಇಲ್ಲವೋ ನೋಡೆಂದು ಸೈತಾನನು ಕೆಣಕಿದಾಗ, ಯೇಸು ಆ ಪರೀಕ್ಷೆಯನ್ನು ನಿರಾಕರಿಸಿದ. ಮರಣದ ಹಿಂದಿನ ರಾತ್ರಿ, ಈ ಕಷ್ಟವು ತಪ್ಪಲೆಂದು ಬೇಡಿಯೂ, ಕೊನೆಗೆ ತನ್ನ ಇಚ್ಛೆಯಲ್ಲ, ತಂದೆಯ ಇಚ್ಛೆಯೇ ನೆರವೇರಲೆಂದು ತಲೆಬಾಗಿದ. ಕಷ್ಟವು ತಪ್ಪಲಿಲ್ಲ. ಕ್ರೈಸ್ತರ ಚಿಹ್ನೆಯೇ ಶಿಲುಬೆಯಾಗಿರುವಾಗ, ನಂಬಿದವನಿಗೆ ನೋವೇ ಇಲ್ಲವೆಂದು ಬೋಧಿಸುವುದು ಹೇಗೆ ಸಾಧ್ಯ? ಮಗುವಿನ ಜ್ವರವು ಇಳಿಯದೆ ಹೋದಾಗ ತಾಯಿಯ ನಂಬಿಕೆಯೇ ಸಾಲದಾಯಿತೆಂದು ದೂರುವ ಬೋಧಕನು, ಅವಳ ಹೊರೆಯನ್ನು ಇಳಿಸದೆ ಇನ್ನೊಂದು ಹೊರೆಯನ್ನು ಹೊರಿಸುತ್ತಾನೆ. ಔಷಧವನ್ನು ಬಿಡಿಸುವ ನಂಬಿಕೆಯಂತೂ ನಂಬಿಕೆಯೇ ಅಲ್ಲ, ಅದು ಪ್ರಾಣಾಪಾಯ.

ಸಂಶಯವು ಬಂದರೆ ನಂಬಿಕೆ ಸತ್ತಿತೆ? ಇಲ್ಲ. ಮಾರ್ಕನ ಸುವಾರ್ತೆಯಲ್ಲಿ ರೋಗಿಯಾದ ಮಗನನ್ನು ತಂದ ತಂದೆಯೊಬ್ಬನು, ತಾನು ನಂಬುತ್ತೇನೆಂದೂ ತನ್ನ ಅಪನಂಬಿಕೆಗೆ ನೆರವಾಗಬೇಕೆಂದೂ ಒಂದೇ ಉಸಿರಿನಲ್ಲಿ ಮೊರೆಯಿಡುತ್ತಾನೆ. ಯೇಸು ಅವನನ್ನು ಹಿಂದಕ್ಕೆ ಕಳುಹಿಸುವುದಿಲ್ಲ. ೧೯೯೭ರಲ್ಲಿ ತೀರಿಕೊಂಡ ಮದರ್ ತೆರೇಸಾ ಅವರ ಪತ್ರಗಳು ೨೦೦೭ರಲ್ಲಿ ಪ್ರಕಟವಾದಾಗ ಲೋಕವು ಬೆರಗಾಯಿತು. ಕಲ್ಕತ್ತೆಯ ಬೀದಿಗಳಲ್ಲಿ ಸಾಯುವವರನ್ನು ಎತ್ತಿ ತಂದು ಉಪಚರಿಸುತ್ತಿದ್ದ ಆ ದಶಕಗಳಲ್ಲಿ, ಅವರ ಅಂತರಂಗವು ದೇವರ ಸನ್ನಿಧಿಯೇ ಕಾಣದ ಕತ್ತಲೆಯಲ್ಲಿತ್ತು. ಕಾಣದಿದ್ದರೂ ಕೈ ಕೆಲಸವನ್ನು ಬಿಡಲಿಲ್ಲ. ನಂಬಿಕೆಯು ಉತ್ಸಾಹದ ಉಬ್ಬರವಲ್ಲ, ಉತ್ಸಾಹವು ಇಳಿದ ಮೇಲೂ ಮುಂದೆ ಇಡುವ ಹೆಜ್ಜೆಯೆಂಬುದನ್ನು ಇದಕ್ಕಿಂತ ಚೆನ್ನಾಗಿ ಹೇಳುವುದು ಹೇಗೆ?

ಹಾಗಾದರೆ ನಂಬಿಕೆಯ ಗುರುತು ಯಾವುದು? ಫಲವೇ ಗುರುತು. ಫರ್ಡಿನೆಂಡ್ ಕಿಟ್ಟೆಲರು ೧೮೫೩ರಲ್ಲಿ ಈ ನಾಡಿಗೆ ಬಂದರು, ‘ಶಬ್ದಮಣಿದರ್ಪಣ’, ‘ಛಂದೋಂಬುಧಿ’ಗಳನ್ನು ಸಂಪಾದಿಸಿದರು, ಯೇಸುವಿನ ಕಥೆಯನ್ನು ‘ಕಥಾಮಾಲೆ’ಯೆಂಬ ಹೆಸರಿನಲ್ಲಿ ನಮ್ಮ ಛಂದಸ್ಸಿನಲ್ಲಿ ಕಟ್ಟಿದರು, ಕಣ್ಣು ಮಂಜಾಗುವವರೆಗೆ ದುಡಿದು ೧೮೯೪ರಲ್ಲಿ ಸುಮಾರು ೭೦,೦೦೦ ಶಬ್ದಗಳ ಕೋಶವನ್ನು ಕೊಟ್ಟರು. ಅವರ ಮತವನ್ನು ಒಪ್ಪದ ನಾವೆಲ್ಲರೂ ಆ ಕೋಶದ ಋಣಿಗಳು. ಬಾಸೆಲ್ ಮಿಷನ್ನಿನ ಪಾದ್ರಿಗಳೇ ಆಗಿದ್ದ ಉತ್ತಂಗಿ ಚೆನ್ನಪ್ಪನವರು ಊರೂರು ಅಲೆದು ಸರ್ವಜ್ಞನ ವಚನಗಳನ್ನು ಕೂಡಿಹಾಕಿ ೧೯೨೪ರಲ್ಲಿ ಪ್ರಕಟಿಸಿದರು. ಶರಣರ ಅನುಭವಮಂಟಪವನ್ನು ಕುರಿತು ಗ್ರಂಥ ಬರೆದರು. ಹೈದರಾಬಾದು ಸಂಸ್ಥಾನವು ಭಾರತಕ್ಕೆ ಸೇರಿದ ಮರುವರ್ಷ, ೧೯೪೯ರಲ್ಲಿ, ಕಲಬುರ್ಗಿಯ ಸಾಹಿತ್ಯ ಸಮ್ಮೇಳನಕ್ಕೆ ಕನ್ನಡಿಗರು ಅವರನ್ನೇ ಅಧ್ಯಕ್ಷರನ್ನಾಗಿ ಆರಿಸಿದರು. ಅವರು ಕ್ರಿಸ್ತನನ್ನು ಬಿಟ್ಟು ಸರ್ವಜ್ಞನನ್ನು ಹಿಡಿಯಲಿಲ್ಲ. ತಮ್ಮ ನಂಬಿಕೆಯಲ್ಲಿ ಬೇರು ಬಿಟ್ಟವರಿಗೆ ಪರರ ನಂಬಿಕೆಯನ್ನು ಹೀನೈಸುವ ಅಗತ್ಯ ಬೀಳುವುದಿಲ್ಲ.

ಇದೇ ಅಳತೆಗೋಲಿನಿಂದ ದೋಷವನ್ನೂ ಅಳೆಯಬೇಕು. ನಮ್ಮ ದೇವತೆಗಳನ್ನು ಹಳಿದು ಕರಪತ್ರ ಬರೆದ ಮಿಷನರಿಗಳೂ ಇದ್ದರು. ಕ್ರಿಸ್ತನಲ್ಲಿ ದಾಸನೂ ಒಡೆಯನೂ ಒಂದೇ ಎಂದು ಸಾರುವ ಮತದೊಳಗೂ, ದಕ್ಷಿಣ ಭಾರತದ ಕೆಲವು ಚರ್ಚುಗಳಲ್ಲಿ ದಲಿತರಿಗೆ ಬೇರೆ ಸಾಲು, ಬೇರೆ ಸ್ಮಶಾನ ಉಳಿದು ಬಂದವು. ಯಾಕೋಬನ ಪತ್ರಿಕೆಯು, ಚಿನ್ನದ ಉಂಗುರದವನನ್ನು ಮೇಲೆ ಕೂರಿಸಿ ಬಡವನನ್ನು ಕಾಲ ಬಳಿ ಕೂರಿಸುವ ಸಭೆಯನ್ನು ಹೆಸರಿಸಿಯೇ ಖಂಡಿಸುತ್ತದೆ. ಆ ಖಂಡನೆಯು ಚರ್ಚಿನ ಬಾಗಿಲಿಗೆ ನಿಲ್ಲದೆ ನಮ್ಮ ಗುಡಿಯ ಬಾಗಿಲಿಗೂ ಊರ ಬಾವಿಯ ಕಟ್ಟೆಗೂ ಬಂದು ಮುಟ್ಟುತ್ತದೆ.

ಕೊನೆಯದಾಗಿ ಈ ತೆಂಗಿನ ಸೀಮೆಯವರಿಗೆ ಒಂದು ಮಾತು. ಬಲಿತ ಕಾಯಿಯನ್ನು ತಾವು ಅಟ್ಟಕ್ಕೆ ಹಾಕಿ ಹತ್ತು ಹನ್ನೆರಡು ತಿಂಗಳು ಬಿಡುತ್ತೀರಿ. ಒಳಗೆ ನೀರು ಇಂಗಿ, ತಿರುಳು ಕರಟದಿಂದ ತಾನಾಗಿ ಬಿಟ್ಟುಕೊಂಡು ಉಂಡೆಕೊಬ್ಬರಿಯಾಗುತ್ತದೆ. ನಡುವೆ ಅವಸರಪಟ್ಟು ಒಡೆದು ನೋಡಿದವನಿಗೆ ಎಳನೀರೂ ಇಲ್ಲ, ಕೊಬ್ಬರಿಯೂ ಇಲ್ಲ. ನೆರೆಯವನ ನಂಬಿಕೆಯೂ ಹಾಗೆಯೇ. ಅದು ಅಸಲಿಯೋ ನಕಲಿಯೋ ಎಂದು ಒಡೆದು ನೋಡುವ ಅಧಿಕಾರವು ಸರಕಾರಕ್ಕೂ ಇಲ್ಲ, ಊರಿನ ಹಿರಿಯರಿಗೂ ಇಲ್ಲ, ಪಾದ್ರಿಗೂ ಇಲ್ಲ. ಒತ್ತಾಯವು ನಡೆದಿದ್ದರೆ ಅದನ್ನು ತಡೆಯುವುದು ನಮ್ಮ ಕರ್ತವ್ಯ. ಅದರಾಚೆಗೆ ಸುಮ್ಮನಿರುವುದೂ ಕರ್ತವ್ಯವೇ.

ಉಪಾಧ್ಯಾಯ ಬಂಧುಗಳೇ, ತಮ್ಮ ತರಗತಿಯಲ್ಲಿ ಕ್ರೈಸ್ತರ ಮಗುವೊಂದು ಕುಳಿತಿರಬಹುದು. ನಿನ್ನ ಅಜ್ಜ ಏನು ತಿಂದು ಈ ಮತಕ್ಕೆ ಸೇರಿದನೆಂದು ಯಾವ ಬಾಲಕನೂ ಅದನ್ನು ಕೇಳದಂತೆ ನೋಡಿಕೊಳ್ಳಿರಿ. ಆ ಮಗು ಕಲಿಯುವುದು ಕಿಟ್ಟೆಲರು ಕೂಡಿಟ್ಟ ಕನ್ನಡವನ್ನೇ. ಅದರ ಮನೆಯಲ್ಲಿ ಪ್ರಾರ್ಥನೆಯು ನಡೆಯುವುದೂ ಶರಣರು, ದಾಸರು ಬೆಳಗಿದ ಮಾತಿನಲ್ಲಿಯೇ. ನಂಬಿಕೆಯೆಂದರೆ ತನ್ನನ್ನು ಒಪ್ಪಿಸುವುದು, ಒಪ್ಪಿಸಿದ ಮೇಲೆ ಪ್ರೀತಿಯಿಂದ ನಡೆಯುವುದು ಎಂಬಿಷ್ಟನ್ನು ಎಲ್ಲ ಮಕ್ಕಳಿಗೂ ತಿಳಿಸಿಕೊಟ್ಟರೆ ಈ ಸಭೆಯು ಸಾರ್ಥಕವಾದಂತೆ.